ಒದ್ದೆ ಸೀರೆಯ ಕೆಳಗೊಂದು ಕಂಪ್ಯೂಟರು

ಇಡೀ ಮಳೆಗಾಲ ಕೆಡದೆ ಉಳಿದ ನನ್ನ ಕಂಪ್ಯೂಟರು ಚಳಿಗಾಲದಲ್ಲಿ ನೀರು ಕುಡಿದು ಕೆಟ್ಟಿತು ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗುವುದು ಅವರ ತಪ್ಪಲ್ಲ. ಡೊಂಬಿವಲಿಯ ಚಳಿ ಎಂದರೆ ಎಷ್ಟರ ಚಳಿ? ಬೆಳಿಗ್ಗೆ ‘ಕಾಯ್ ಥಂಡಿ ಆಹೇ!’ ಎಂದು ಒಬ್ಬರಿಗೊಬ್ಬರು ಹೆಮ್ಮೆಯಿಂದ ಹೇಳಿಕೊಂಡು, ನುಸಿಗುಳಿಗೆ ವಾಸನೆಯ ಸ್ವೆಟರು ತೊಟ್ಟು ಲೋಕಲ್ ಹತ್ತುವ ಜನ, ಮಧ್ಯಾಹ್ನ ಅದೇ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಬೆವರುತ್ತಿರುತ್ತಾರೆ. ಬಂದು ಹೋದ ನೆಂಟರಂಥ ಚಳಿ ನಮ್ಮದು. ಬಂದಿತ್ತು ಎನ್ನುವುದಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ.

ಈ ಸಲ ಮಾತ್ರ ಸಾಕ್ಷಿ ಉಳಿಯಿತು. ಅದೂ ಹಸಿರು ಬಣ್ಣದಲ್ಲಿ.

ನನ್ನ ಕಸುಬನ್ನು ಮೊದಲು ಹೇಳಿಬಿಡುತ್ತೇನೆ. ಮನೆಯಲ್ಲೇ ಕೂತು ಕನ್ನಡ ಅಕ್ಷರ ಜೋಡಿಸಿಕೊಡುವುದು. ಠಾಣೆಯಿಂದ ಅಂಬರನಾಥದವರೆಗೆ ಕನ್ನಡದವರ ಮನೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಕನ್ನಡದಲ್ಲೇ ಕರೆಯೋಲೆ ಆಗಬೇಕೆಂಬ ಹಟವಿದ್ದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹಟವಿರುವುದು ಹೆಚ್ಚಾಗಿ ಅಜ್ಜ ಅಜ್ಜಿಯರಿಗೆ. ಮದುಮಗನಿಗೆ ತನ್ನ ಹೆಸರನ್ನು ಕನ್ನಡದಲ್ಲಿ ಓದಲು ಬರುವುದಿಲ್ಲ. ಇರಲಿ, ಕಾರ್ಡು ಅಚ್ಚಾಗುವುದೇ ಓದುವವರಿಗಾಗಿ ಎಂದು ಯಾರು ಹೇಳಿದರು? ಅಂತೂ ಆ ಹಟದ ಮೇಲೆ ನನ್ನ ಕಂಪ್ಯೂಟರು ಓಡುತ್ತದೆ.

ಕಂಪ್ಯೂಟರಿಗೆ ಮನೆಯಲ್ಲಿ ಸಿಕ್ಕಿದ ಜಾಗ ಅಡುಗೆಮನೆಗೆ ಅಂಟಿಕೊಂಡ ಬಾಲ್ಕನಿ. ಬಾಲ್ಕನಿಗೆ ಅಲ್ಯುಮಿನಿಯಮ್ ಕಿಟಕಿ ಕೂರಿಸಿ ಅದನ್ನು ಅರ್ಧ ಕೋಣೆ ಮಾಡಿಕೊಳ್ಳುವುದು ನಮ್ಮೂರಿನ ಕುಲಾಚಾರ. ಆ ಅರ್ಧ ಕೋಣೆಯ ಕೆಳಗಿನ ಭಾಗ ನನ್ನದು. ಮೇಲಿನ ಭಾಗ ನಮ್ಮತ್ತೆಯದು. ಸೂರಿನಿಂದ ಎರಡು ಹಗ್ಗದಲ್ಲಿ ಇಳಿಬಿಟ್ಟ ಗಳದ ಮೇಲೆ ಅವರ ಮಡಿಸೀರೆ ಒಣಗುತ್ತದೆ. ಒಗೆದ ಸೀರೆಯನ್ನು ಕೋಲಿನಿಂದ ಗಳದ ಮೇಲೆ ಹರವಿ, ಮರುದಿನ ಸ್ನಾನವಾಗುವವರೆಗೆ ಯಾರೂ ಮುಟ್ಟದಂತೆ ಇಟ್ಟು, ಸ್ನಾನ ಮಾಡಿ ಅದನ್ನೇ ಉಟ್ಟು, ದೇವರಿಗೆ ದೀಪ ಹಚ್ಚುವುದು ಅವರು ಉಡುಪಿಯಿಂದ ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದದ್ದು. ನನಗೆ ಮಡಿಯಲ್ಲಿ ನಂಬಿಕೆಯಿಲ್ಲ. ಅವರಿಗೆ ಕಂಪ್ಯೂಟರಿನಲ್ಲಿ ನಂಬಿಕೆಯಿಲ್ಲ. ಹೀಗೆ ನಾವಿಬ್ಬರೂ ಒಂದೇ ಬಾಲ್ಕನಿಯಲ್ಲಿ ಕೆಳಗೆ ಮೇಲೆ ಸುಖವಾಗಿದ್ದೆವು.

ಮಳೆಗಾಲದಲ್ಲಿ ತೊಂದರೆ ಆಗದಿರಲು ಕಾರಣವಿತ್ತು. ಆಗ ಅತ್ತೆ ಸೀರೆಯನ್ನು ನಡುಮನೆಯ ಫ್ಯಾನಿನ ಕೆಳಗೆ ಒಣಗಿಸುತ್ತಾರೆ. ಚಳಿಗಾಲದಲ್ಲಿ ಫ್ಯಾನು ಹಾಕಿದರೆ ಅವರ ಮಂಡಿ ಒಪ್ಪುವುದಿಲ್ಲ. ಕಿಟಕಿ ತೆರೆದರೂ ಒಪ್ಪುವುದಿಲ್ಲ. ಹಾಗಾಗಿ ಮುಚ್ಚಿದ ಬಾಲ್ಕನಿ, ಮೇಲೆ ಒದ್ದೆ ಸೀರೆ, ಪಕ್ಕದಲ್ಲಿ ಕುಚ್ಚಲಕ್ಕಿ ಬೇಯುವ ಅಡುಗೆಮನೆ, ನಡುವೆ ರಾತ್ರಿಯೆಲ್ಲ ತಣ್ಣಗಾಗಿ ಕೂತ ಕಂಪ್ಯೂಟರಿನ ಕಬ್ಬಿಣದ ಡಬ್ಬ. ಇದರ ಮೇಲೆ ನಾನು ನನ್ನ ಬುದ್ಧಿಯನ್ನೂ ಖರ್ಚು ಮಾಡಿದ್ದೆ. ಧೂಳು ಕೂರಬಾರದೆಂದು ಮೇಜಿನ ಹಳೆಯ ಪ್ಲಾಸ್ಟಿಕ್ ಹಾಸನ್ನು ಕತ್ತರಿಸಿ, ಅಂಚು ಹೊಲಿದು, ಕಂಪ್ಯೂಟರಿಗೆ ಒಂದು ಗವಸು ತೊಡಿಸಿದ್ದೆ. ಗುಲಾಬಿ ಹೂವಿನ ಚಿತ್ತಾರ. ನೋಡಿದವರೆಲ್ಲ ಹೊಗಳಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಗವಸು ತೆಗೆದು ಗುಂಡಿ ಒತ್ತಿದೆ. ಒಳಗಿನ ಪುಟ್ಟ ಫ್ಯಾನು ಗುರ್ ಎಂದಿತು, ಮುದುಕರು ಕೆಮ್ಮಿದಂತೆ ಎರಡು ಸಲ ತಡೆದು ನಿಂತಿತು. ಆಮೇಲೆ ಸಣ್ಣದೊಂದು ವಾಸನೆ.

“ವೀಣಾ, ಎಂತದೋ ಕರಟಿತಲ್ಲ?” ಅಡುಗೆಮನೆಯಿಂದ ಅತ್ತೆಯ ಧ್ವನಿ. “ಒಗ್ಗರಣೆ ಇಟ್ಟು ಹೋದಿಯಾ?”

“ಒಗ್ಗರಣೆ ಅಲ್ಲ ಅತ್ತೆ. ಕಂಪ್ಯೂಟರು.”

ನಮ್ಮ ಮನೆಯ ಮಾತು ತುಳು. ನಿಮ್ಮ ಅನುಕೂಲಕ್ಕೆ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ತುಳುವಿನಲ್ಲಿ ಆ ‘ಕಂಪ್ಯೂಟರು’ ಎಂಬ ಶಬ್ದ ಇನ್ನೂ ಅಳು ಬರುವ ಹಾಗೆ ಕೇಳಿಸಿತ್ತು. ಕಲ್ಯಾಣದ ಕನ್ನಡ ಸಂಘವೊಂದರ ಸ್ಮರಣಸಂಚಿಕೆ ಅದರೊಳಗಿತ್ತು. ವರ್ಷವಿಡೀ ಲೇಖನ ಕೊಡದೆ ಕೊನೆಯ ವಾರ ಎಲ್ಲರೂ ಒಟ್ಟಿಗೆ ಕೊಟ್ಟಿದ್ದ ಪುಟಗಳು.

ಉಲ್ಹಾಸನಗರದ ರಿಪೇರಿ ಅಂಗಡಿಯಿಂದ ಮಹೇಶ ಬಂದ. ವಿಜಯಪುರದ ಕಡೆಯ ತಂದೆತಾಯಿಗೆ ಇಲ್ಲೇ ಹುಟ್ಟಿ ಬೆಳೆದವನು. ಎರಡು ಮಕ್ಕಳ ತಂದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ತಾನು ಹೇಳಿದ್ದು ನಮಗೆ ತಿಳಿಯಲಿಲ್ಲವೆನಿಸಿದರೆ ಅವನ ಅಮ್ಮನ ಕನ್ನಡಕ್ಕೆ ಇಳಿಯುತ್ತಾನೆ. ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟ. “ಅರೇ ಬಾಪ್ ರೇ” ಎಂದ. ಡಾಕ್ಟರು ಹಾಗೆ ಅನ್ನಬಾರದು.

“ಆಂಟಿ, ಅಂದರ್ ಪಾನಿ ಗಯಾ ಹೈ.”

“ನೀರು ಎಲ್ಲಿಂದ ಹೋಗಬೇಕು ಮಹೇಶ? ಮಳೆ ನಿಂತು ಎಷ್ಟು ದಿನ ಆಯ್ತು!”

“ಮಳಿನೀರಲ್ರೀ ಆಂಟಿ, ಹವಾದಾಗಿನ ನೀರು. ಫ್ರಿಜ್ಜಿನಾಗಿಂದ ಬಾಟ್ಲಿ ತೆಗದ್ರ ಹೊರಗ ಹನಿ ಕೂಡ್ತದಲ್ಲ, ಹಂಗ. ರಾತ್ರಿ ಡಬ್ಬಾ ಥಂಡಾ ಆಗ್ತದ, ಮುಂಜಾನಿ ಅನ್ನದ ಹಬಿ ಬಂದು ಬಡೀತದ. ನೀವು ಆ ಹನಿ ಮ್ಯಾಲೇ ಚಾಲೂ ಮಾಡೀರಿ, ಶಾರ್ಟ್ ಆಗೇದ.”

ಆಮೇಲೆ ನನ್ನ ಗುಲಾಬಿ ಗವಸನ್ನು ಎತ್ತಿ ಒಳಬದಿ ತೋರಿಸಿದ. ಬೆವರಿನಂಥ ಸಣ್ಣ ಹನಿಗಳು. ಗಾಳಿಯಾಡದಂತೆ ಹೊದಿಸಿ ಒಳಗಿನ ತೇವವನ್ನು ನಾನೇ ಕಾಪಾಡಿಕೊಂಡು ಬಂದಿದ್ದೆ. ಟಾರ್ಚಿನ ಬೆಳಕಿನಲ್ಲಿ ಮದರ್‌ಬೋರ್ಡೆಂಬ ಹಲಗೆಯ ಮೇಲಿನ ತಂತಿಮುಳ್ಳುಗಳ ಬುಡದಲ್ಲಿ ಹಸಿರು ಪುಡಿ ಕಾಣುತ್ತಿತ್ತು.

ಇಷ್ಟರಲ್ಲಿ ಅತ್ತೆಯೂ ಬಂದು ಬಗ್ಗಿ ನೋಡಿದರು. “ಅಯ್ಯೋ, ಇದು ಕಿಲುಬು!” ಎಂದರು. ಅವರಿಗೆ ಹಳೆಯ ಪರಿಚಯದವರನ್ನು ಕಂಡಷ್ಟು ಸಂತೋಷ. “ತಾಮ್ರದ ಕೊಡಕ್ಕೆ ಬರ್ತದಲ್ಲ, ಅದೇ. ಇದಕ್ಕೆಲ್ಲ ಎಂತಕ್ಕೆ ಇಷ್ಟು ಗಡಿಬಿಡಿ? ಹುಣಸೆಹಣ್ಣು ತರ್ತೇನೆ, ತಿಕ್ಕಿ ತೊಳೆದು ಬಿಸಿಲಿಗಿಟ್ಟರೆ ಆಯ್ತು.”

ಮಹೇಶ ಎರಡೂ ಕೈಯಿಂದ ಕಂಪ್ಯೂಟರನ್ನು ಮುಚ್ಚಿ ಹಿಡಿದ. “ನಕೋ ಅಜ್ಜಿ, ನಕೋ!”

ಹಾಗೆ ಹಿಡಿದವನು ಯಾಕೋ ತಲೆಯೆತ್ತಿ ನೋಡಿದ. ಗಳದ ಮೇಲೆ ಕೆನ್ನೀಲಿ ಬಣ್ಣದ ಸೀರೆ. “ಇದು ದಿನಾ ಇಲ್ಲೇ ಒಣಗ್ತದೇನ್ರಿ?” ಎನ್ನುತ್ತ, ಎಷ್ಟು ಹಸಿಯಿದೆ ಎಂದು ನೋಡಲು ಅಂಚನ್ನು ಬೆರಳಿನಿಂದ ಹಿಡಿದ. “ಮುಟ್ಟಬೇಡ!” ಎಂದು ಅತ್ತೆ ಕೂಗುವುದಕ್ಕೂ ಅವನು ಮುಟ್ಟುವುದಕ್ಕೂ ಸರಿಹೋಯಿತು. ಅವನು ಶಾಕ್ ಹೊಡೆದವನಂತೆ ಕೈ ಹಿಂದೆಗೆದು, “ಸಾರಿ, ಅಜ್ಜಿ” ಎಂದ. ಕ್ಷಮೆ ಕೇಳಿದನೋ, ಮುಟ್ಟಿದ ವಸ್ತುವಿನ ಹೆಸರು ಹೇಳಿದನೋ ತಿಳಿಯದೆ ನಾನು ನಗು ತಡೆದುಕೊಂಡು ಒದ್ದಾಡಿದೆ.

ಕಂಪ್ಯೂಟರು ಅವನ ಸ್ಕೂಟರಿನಲ್ಲಿ ಉಲ್ಹಾಸನಗರಕ್ಕೆ ಹೋಯಿತು. ಸಂಜೆ ಠಾಣೆಯ ಹೋಟೆಲಿನ ಮ್ಯಾನೇಜರಿಕೆ ಮುಗಿಸಿ ನಮ್ಮವರು ಬಂದರು. ಕಥೆ ಕೇಳಿ, ಚಹಾದ ಲೋಟ ಕೆಳಗಿಟ್ಟು, “ಅಮ್ಮಾ, ನಿನ್ನ ಸೀರೆ ಒಂದು ಕಂಪ್ಯೂಟರನ್ನೇ ತಿಂದು ನೀರು ಕುಡಿಯಿತಲ್ಲ!” ಎಂದು ದೊಡ್ಡದಾಗಿ ನಕ್ಕರು. ನನಗೂ ನಗು ಬಂತು. ಅತ್ತೆ ನಗಲಿಲ್ಲ. ದೀಪದ ಬತ್ತಿ ಹೊಸೆಯುತ್ತ ಕೂತವರು ಹೊಸೆಯುತ್ತಲೇ ಇದ್ದರು. ಆ ವಾರವೇ, “ಘಣಸೋಲಿಯಲ್ಲಿ ಸ್ವಲ್ಪ ದಿನ ಇದ್ದು ಬರ್ತೇನೆ. ಶ್ರೀಧರ ಕರೆಯುತ್ತಲೇ ಇದ್ದ” ಎಂದು ಚೀಲ ತುಂಬಿಕೊಂಡರು. ಶ್ರೀಧರ ನನ್ನ ಮೈದುನ. ಕರೆಯುತ್ತಲೇ ಇದ್ದದ್ದು ನಿಜ. ಅವರು ಹೋಗದೆ ಇದ್ದದ್ದೂ ಅಷ್ಟೇ ನಿಜ. ಹೋಗುವ ದಿನ ಗಳವನ್ನು ತಾವೇ ಒರೆಸಿ, ಕೋಲನ್ನು ಮೂಲೆಗಿಟ್ಟು, ಬಾಲ್ಕನಿಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಹೋದರು.

ಕಂಪ್ಯೂಟರು ಗುಣವಾಗಿ ಬಂತು. ಹಲಗೆ ಬದಲಾಗಿತ್ತು, ಪುಣ್ಯಕ್ಕೆ ಸ್ಮರಣಸಂಚಿಕೆ ಉಳಿದಿತ್ತು. ಜೊತೆಗೆ ಮಹೇಶನ ಪಥ್ಯ. ಚಳಿಯಲ್ಲಿ ಹೊರಗಿನಿಂದ ತಂದ ಕೂಡಲೇ ಹಚ್ಚಬಾರದು, ಮನೆಯ ಬಿಸುಪು ಅದಕ್ಕೂ ತಾಗುವವರೆಗೆ ಸುಮ್ಮನೆ ಬಿಡಬೇಕು. ಪ್ಲಾಸ್ಟಿಕ್ ಹೊದಿಸಬಾರದು. ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಓಡಿಸಿ ಮೈ ಬಿಸಿ ಮಾಡಿಸಬೇಕು. ಹೊಸ ಚಪ್ಪಲಿಯ ಡಬ್ಬದಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ಪಸೆ ಹೀರುವ ಹರಳಿನ ಪುಟ್ಟ ಪೊಟ್ಟಣಗಳನ್ನು ಬಿಸಾಡದೆ ಹತ್ತಿರ ಇಟ್ಟುಕೊಳ್ಳಬೇಕು. ಅಲ್ಲಿ ಒದ್ದೆ ಬಟ್ಟೆ ಬೇಡವೇ ಬೇಡ. ಬಾಣಂತಿಗೂ ಇಷ್ಟು ಹೇಳುವುದಿಲ್ಲ.

ಪಥ್ಯ ಪಾಲಿಸುತ್ತ ಕೂತಾಗ ನನಗೊಂದು ವಿಚಾರ ಹೊಳೆಯಿತು. ನಮ್ಮ ಭಾಷೆ ಪೂರ್ತಿ ಒದ್ದೆಯ ಪಕ್ಷದ್ದು. ಮನಸ್ಸಿನಲ್ಲಿ ಪಸೆ ಇರಬೇಕು, ಕಣ್ಣು ತೇವವಾಗಬೇಕು, ಹೃದಯ ಆರ್ದ್ರವಾಗಬೇಕು. ಕಲ್ಲೆದೆ ಕರಗಿ ನೀರಾಗಬೇಕು. ಒಣಗಿದ್ದಕ್ಕೆ ಕನ್ನಡದಲ್ಲಿ ಮರ್ಯಾದೆಯೇ ಇಲ್ಲ: ಒಣ ಜಂಬ, ಒಣ ಮಾತು, ಒಣ ಉಪದೇಶ. ಹಪ್ಪಳ ಸಂಡಿಗೆ ಬಿಟ್ಟರೆ ಒಣಗಿದ್ದನ್ನು ಹೊಗಳುವವರು ಯಾರಿದ್ದಾರೆ? ಅಂಥ ಭಾಷೆಯ ಅಕ್ಷರಗಳನ್ನು ಹೊತ್ತುಕೊಂಡು ಒಣಗಿಯೇ ಇರಬೇಕಾದ ಈ ಯಂತ್ರದ ಪಾಡು ಏನಿರಬಹುದು! ವಿಚಾರ ಚೆನ್ನಾಗಿದೆ ಎನಿಸಿತು. ಹೇಳೋಣವೆಂದು ಅಡುಗೆಮನೆಯ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.

ಆಗಲೇ ನನಗೆ ಗೊತ್ತಾದದ್ದು, ನನ್ನ ಕಸುಬಿನ ಅರ್ಧ ಅತ್ತೆಯದೆಂದು. ಕರೆಯೋಲೆಯ ಪ್ರೂಫು ಓದುವವರು ಅವರು. ತಿಥಿಗೂ ವಾರಕ್ಕೂ ಹೊಂದದಿದ್ದರೆ, ಯಾರದೋ ಗೋತ್ರ ಅದಲುಬದಲಾಗಿದ್ದರೆ ಓದದೆಯೇ ಮೂಗಿಗೆ ವಾಸನೆ ಬಂದಂತೆ ಹಿಡಿಯುತ್ತಿದ್ದರು. ಫೋನು ಮಾಡಿದೆ.

“ಅತ್ತೆ, ಷಷ್ಠ್ಯಬ್ದಿಗೆ ಎಲ್ಲಿ ಒತ್ತು?”

“ಅಷ್ಟೂ ಗೊತ್ತಿಲ್ವಾ? ಬರೆದುಕೋ.”

ಮರುದಿನ ‘ಉಪನಯನ’ದ ಬಗ್ಗೆ ಸಂಶಯ ಬಂತು. ಅದರ ಮರುದಿನ ‘ಸುಸ್ವಾಗತ’ದ ಬಗ್ಗೆ. ಸುಸ್ವಾಗತ ಬರೆಯಲು ಬಾರದವಳು ಈ ಕಸುಬಿಗೆ ಹೇಗೆ ಬಂದಳೆಂದು ಅವರು ಕೇಳಲಿಲ್ಲ. ಅಕ್ಷರಕ್ಕೆ ಅಕ್ಷರ ಬಿಡಿಸಿ ಹೇಳಿ, ಕೊನೆಗೆ, “ಮಿಷನ್ ಸರಿ ಉಂಟಾ?” ಎಂದರು. ಸರಿ ಉಂಟು ಎಂದೆ. “ಸೀರೆ ಇಲ್ವಲ್ಲ, ಸರಿಯೇ ಇರ್ತದೆ” ಎಂದು ಕೆಮ್ಮಿದರು.

ಆ ಕೆಮ್ಮು ನನಗೆ ಹಿಡಿಸಲಿಲ್ಲ. ಭಾನುವಾರ ಸಂಚಿಕೆಯ ಪ್ರೂಫನ್ನು ನೆಪಕ್ಕೆ ಚೀಲದಲ್ಲಿಟ್ಟುಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿಗೆ ಹೋದೆ.

ಶ್ರೀಧರನ ಹೆಂಡತಿ ಸ್ನೇಹಲ್ ಮರಾಠಿಯವಳು. ಅತ್ತೆಯನ್ನು ನನಗಿಂತ ಹೆಚ್ಚು ಉಪಚರಿಸುವವಳು. ಬಾಗಿಲು ತೆರೆದವಳೇ ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಅಂದಳು: “ವಹಿನಿ, ನೀವೇ ಸ್ವಲ್ಪ ಹೇಳಿ. ಆಯಿ ನನ್ನ ಮಾತು ಕೇಳುವುದಿಲ್ಲ.” ಹೊಸ ಸೆಕ್ಟರಿನ ಎತ್ತರದ ಕಟ್ಟಡ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ ಎಂದು ಸೊಸೈಟಿಯ ನಿಯಮ. ಎಲ್ಲರ ಬಟ್ಟೆ ಯಂತ್ರದಲ್ಲೇ ಒಣಗುತ್ತದೆ. ಅತ್ತೆಯ ಸೀರೆ ಯಂತ್ರಕ್ಕೆ ಹೋಗುವುದಿಲ್ಲ. ಅದು ಬಚ್ಚಲುಮನೆಯ ಪರದೆ ಕಂಬಿಯ ಮೇಲೆ ತೂಗುತ್ತಿತ್ತು. ಪಕ್ಕದಲ್ಲೇ ಬಿಸಿನೀರಿನ ಹಬೆ.

ಅತ್ತೆ ಹಾಸಿಗೆಯ ಮೇಲೆ ಶಾಲು ಹೊದ್ದು ಕೂತಿದ್ದರು. ಕೈ ಹಿಡಿದೆ. ಉಟ್ಟ ಸೀರೆಯ ಸೆರಗು ನನ್ನ ಮೊಣಕೈಗೆ ತಾಗಿತು. ತಣ್ಣಗೆ ಒದ್ದೆ.

“ಅತ್ತೆ, ಇದು ಒಣಗಿಯೇ ಇಲ್ಲ!”

“ಮೈಮೇಲೆ ಒಣಗ್ತದೆ” ಎಂದರು, ದೊಡ್ಡ ಸಂಗತಿಯೇ ಅಲ್ಲವೆಂಬಂತೆ. “ದಿನಾ ಮಧ್ಯಾಹ್ನಕ್ಕೆ ಒಣಗ್ತದೆ.”

ನಾನು ಡೊಂಬಿವಲಿಯಲ್ಲಿ ಕಬ್ಬಿಣದ ಡಬ್ಬಕ್ಕೆ ಥಂಡಿಯಾಗಬಾರದೆಂದು ಹರಳಿನ ಪೊಟ್ಟಣ ಹುಡುಕುತ್ತಿದ್ದಾಗ ಇವರು ಇಲ್ಲಿ ಚಳಿಗಾಲದಲ್ಲೂ ಎ.ಸಿ. ಹಾಕುವ ಮನೆಯಲ್ಲಿ ಒದ್ದೆ ಸೀರೆ ಉಟ್ಟು ಕೂತಿದ್ದರು. ಎಷ್ಟು ಸಿಟ್ಟು ಬಂತೆಂದರೆ ಯಾರ ಮೇಲೆ ಎಂದು ತಿಳಿಯದೆ ಅದು ನನ್ನ ಬಾಯಿಂದ ಹೀಗೆ ಹೊರಬಂತು: “ಹೊರಡಿ. ಈಗಲೇ.”

“ಬಂದು? ಮತ್ತೆ ನಿನ್ನ ಮಿಷನ್ ಕೆಡುವುದಾ?”

“ಮಿಷನ್ನಿಗೆ ಬೇರೆ ಜಾಗ ನೋಡುವ.”

“ಎಲ್ಲಿ ಉಂಟು ಜಾಗ? ಆ ಮನೆ ನನಗೆ ಗೊತ್ತಿಲ್ವಾ?”

ನಾನು ಎದ್ದು ಒಣ ಸೀರೆಯೊಂದನ್ನು ತಂದು ಮುಂದಿಟ್ಟೆ. ಸ್ನೇಹಲ್ ಶುಂಠಿ ಕಷಾಯ ತಂದಳು. ಅತ್ತೆ ಒಣ ಸೀರೆ ಉಟ್ಟರು. ಕಷಾಯ ಕುಡಿದರು, ಪ್ರೂಫು ಓದಿದರು, ಅಧ್ಯಕ್ಷರ ಮಾತಿನಲ್ಲಿ ನಾಲ್ಕು ತಪ್ಪು ಹಿಡಿದು ಸಮಾಧಾನಪಟ್ಟರು. ಆಮೇಲೆ ತಾವೇ ಚೀಲಕ್ಕೆ ಕೈಹಾಕಿ ಬಟ್ಟೆ ಮಡಚತೊಡಗಿದರು. ಒಪ್ಪಿದೆ ಎಂದು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಠಾಣೆಯಲ್ಲಿ ಗಾಡಿ ಬದಲಿಸಲು ಇಳಿದೆವು. ಠಾಣೆಯ ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತ, ಜನರ ನೂಕಾಟದ ನಡುವೆ, ಉಸಿರು ಬಿಡುತ್ತ ಅತ್ತೆ ಅಂದರು: “ದೇವರ ಗೂಡಿನ ಕೆಳಗೆ ಉಂಟಲ್ಲ, ನನ್ನ ಹಪ್ಪಳದ ಡಬ್ಬಗಳು?”

“ಹೌದು?”

“ಅಲ್ಲಿಟ್ಟ ಹಪ್ಪಳ ಆಷಾಢದಲ್ಲೂ ಮೆದುವಾಗುವುದಿಲ್ಲ. ಒಳಗಿನ ಗೋಡೆ, ಮೇಲೆ ದೀಪ. ಡಬ್ಬ ಮಂಚದ ಕೆಳಗೆ ಹೋಗ್ಲಿ. ಅಲ್ಲಿ ಇಡು ನಿನ್ನದನ್ನು.”

ನಾನು ಮೆಟ್ಟಿಲಿನ ಮಧ್ಯದಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ, “ಬಾಯಿ, ಚಲಾ ನಾ!” ಎಂದು ಮುಂದೆ ನಡೆಯಲು ಗದರಿದರು. ನಲವತ್ತು ವರ್ಷದ ಸಂಸಾರದಲ್ಲಿ ಆ ಮನೆಯಲ್ಲಿ ಅತ್ತೆಗೆಂದೇ ಇದ್ದ ಜಾಗ ಎರಡೇ, ಒಂದು ಆ ಗಳ, ಇನ್ನೊಂದು ಆ ಮೂಲೆ. ಮಕ್ಕಳ ತೊಟ್ಟಿಲಿಗೂ ಆ ಮೂಲೆ ಬಿಟ್ಟುಕೊಟ್ಟವರಲ್ಲ ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ.

“ಆದರೆ ಒಂದು,” ಎಂದರು ಅತ್ತೆ, ಮೇಲೆ ತಲುಪಿದ ಮೇಲೆ. “ದೇವರ ಕೆಳಗಿನ ಜಾಗ. ಸ್ನಾನ ಮಾಡದೆ ಅಲ್ಲಿ ಕೂರುವಂತಿಲ್ಲ.”

ಹೀಗೆ ನನ್ನ ಕಂಪ್ಯೂಟರು ಮಡಿಯಾಯಿತು. ಮಡಿಯನ್ನು ಹಾಸ್ಯ ಮಾಡುತ್ತಿದ್ದ ನಾನು ಈಗ ಬೆಳಗಿನ ಚಳಿಯಲ್ಲಿ ನಡುಗುತ್ತ ಸ್ನಾನ ಮಾಡಿ ಕೀಲಿಮಣೆ ಮುಟ್ಟುತ್ತೇನೆ. ರಿಪೇರಿಗೆ ಮಹೇಶ ಬಂದರೆ ಹೇಗೆ ಎಂದು ಕೇಳಿದ್ದಕ್ಕೆ ಅತ್ತೆ, “ಡಾಕ್ಟರಿಗೆ ಮೈಲಿಗೆ ಇಲ್ಲ” ಎಂದು ತೀರ್ಪು ಕೊಟ್ಟಿದ್ದಾರೆ. ಮೊದಲ ದಿನ ಯಂತ್ರದ ಪಕ್ಕ ಒಂದು ಬಟ್ಟಲು ಕಲ್ಲುಪ್ಪು ಇಟ್ಟಿದ್ದರು, ತೇವ ಎಳೆಯಲಿ ಎಂದು. ಎಳೆಯಿತು, ಎಳೆದು ತಾನೇ ನೀರಾಗಿ ಹರಿಯಿತು. ಮಹೇಶ ಫೋನಿನಲ್ಲೇ ಕೈಮುಗಿದ. ಈಗ ಹರಳಿನ ಪೊಟ್ಟಣಗಳ ಉಸ್ತುವಾರಿ ಅವರದು. ನೆರೆಮನೆಯವರ ಚಪ್ಪಲಿ ಡಬ್ಬಗಳಿಂದಲೂ ಸಂಗ್ರಹಿಸುತ್ತಾರೆ. ಬಿಸಿಲು ಬಂದಾಗ ಹಪ್ಪಳದಿಂದ ದೂರದಲ್ಲಿ ಬೇರೆ ತಟ್ಟೆಯಲ್ಲಿ ಒಣಗಿಸಿ ತರುತ್ತಾರೆ. ಬಾಲ್ಕನಿಯ ಗಳದ ಮೇಲೆ ಸೀರೆ ಮತ್ತೆ ಹರಡಿಕೊಂಡಿದೆ. ಅದು ಒಣಗಲಿ ಎಂದು ಸಂಜೆಯವರೆಗೆ ಕಿಟಕಿ ತೆರೆದಿಡಲು ಅವರ ಮಂಡಿಯೂ ಒಪ್ಪಿದೆ.

ಮೊನ್ನೆ ಒಂದು ಮದುವೆಯ ಕಾಗದ ಅವಸರದ್ದಿತ್ತು. ಕಸಾರಾ ಕಡೆ ಮಂಜು ಬಿದ್ದು ಗಾಡಿಗಳೆಲ್ಲ ತಡವೆಂದು ನಮ್ಮವರು ಗೊಣಗುತ್ತ ಹೊರಟ ಬೆಳಿಗ್ಗೆ. ನಾನು ತಲೆಗೆ ನೀರು ಹಾಕಿಕೊಂಡು ಬಂದವಳೇ ಕೂದಲು ಇಳಿಬಿಟ್ಟುಕೊಂಡು ಟೈಪು ಮಾಡಲು ಕೂತೆ. ಅತ್ತೆ ಆಗಷ್ಟೇ ಮಡಿಯುಟ್ಟು ದೀಪ ಹಚ್ಚುತ್ತಿದ್ದರು. ಮಡಿಯಲ್ಲಿದ್ದಾಗ ಅವರು ಯಾರನ್ನೂ ತಾಗಿಸಿಕೊಳ್ಳುವುದಿಲ್ಲ. ಮಗ ಅಡ್ಡ ಬಂದರೂ ಗೋಡೆಗೆ ಸರಿದು ನಿಲ್ಲುತ್ತಾರೆ.

“ವೀಣಾ, ತಲೆ ಸರಿ ಒರೆಸಿಕೊಳ್ಳಲಿಲ್ವಾ? ಮಿಷನ್ನಿಗೆ ನೀರು ಬೀಳ್ತದೆ.”

“ಎರಡು ಸಾಲು ಉಂಟು ಅತ್ತೆ, ಮುಗಿಸಿಬಿಡ್ತೇನೆ.”

“ಆ ಮಹೇಶ ಎಷ್ಟು ಸಲ ಹೇಳಿದ್ದಾನೆ ನಿನಗೆ!”

ಬೆಂಕಿಪೊಟ್ಟಣ ಕೆಳಗಿಟ್ಟ ಸದ್ದು. ಮರುಕ್ಷಣ ಬೈರಾಸೊಂದು ನನ್ನ ತಲೆಯ ಮೇಲೆ ಬಿತ್ತು. ಎರಡು ಕೈಗಳು ಕೂದಲನ್ನು ಒಟ್ಟುಮಾಡಿ, ಹಿಂಡಿ, ಬುಡದಿಂದ ತಿಕ್ಕತೊಡಗಿದವು. ಸೆರಗು ನನ್ನ ಬೆನ್ನಿಗೆ ತಾಗುತ್ತಿತ್ತು. ಗರಿಗರಿಯಾಗಿ ಒಣಗಿದ ಸೆರಗು.

“ಅತ್ತೆ, ನೀವು ಮಡಿಯಲ್ಲಿದ್ದೀರಿ” ಎಂದೆ ಬೈರಾಸಿನ ಒಳಗಿನಿಂದ.

“ಗೊತ್ತುಂಟು. ಅಲುಗಾಡಬೇಡ.”

ಅಲುಗಾಡಲಿಲ್ಲ. ಆ ದಿನ ಮದುವೆಯ ಕಾಗದ ಸ್ವಲ್ಪ ತಡವಾಗಿಯೇ ಹೋಯಿತು.